ದೊಡ್ಡ ಮಷಿನ್ ಯಾರ ಲಾಭಕ್ಕೆ?



ಕಟ್ಟಿಗೆ ಕಡಿಯುವ ಚೈನ್‌ಸಾ ಕೊಳ್ಳುವ ಮಾತು ಬಂದರೆ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ನಮ್ಮ ಮಂದಿ ಮೊದಲು ಕೇಳುವುದು "ಎಷ್ಟು ಸಿಸಿ?" ಎಂದು. ಅಂಗಡಿಯವನೂ ಗುತ್ತೇದಾರನೂ ಒಂದೇ ರಾಗ ಹಾಡುತ್ತಾರೆ: ದೊಡ್ಡದು ತೆಗೆದುಕೋ, ಕೆಲಸ ಬೇಗ ಮುಗಿಯುತ್ತದೆ. ಈ ಮಾತನ್ನು ನಂಬಬೇಡಿರಿ ಎಂದು ಹೇಳುವುದಕ್ಕೇ ಈ ಬರಹ. ನಮಗೆ ಬೇಕಾದದ್ದು ನಡುಗಾತ್ರದ ಮಷಿನ್. ದೊಡ್ಡದನ್ನು ಕೊಂಡುಕೊಳ್ಳಿರಿ ಎಂದು ಒತ್ತಾಯ ಮಾಡುವವರು ಅದನ್ನು ದಿನವೆಲ್ಲಾ ಹಿಡಿದು ನಿಲ್ಲುವವರಲ್ಲ.

ಮೊದಲು ನಮ್ಮ ಸೀಮೆಯ ಕಟ್ಟಿಗೆಯನ್ನು ನೋಡಿರಿ. ಹೊಲದ ಬದುವಿನಲ್ಲೂ ಕೆರೆಯಂಗಳದಲ್ಲೂ ಬೆಳೆದ ಬಳ್ಳಾರಿ ಜಾಲಿ, ಕರಿಜಾಲಿ, ಬೇವು, ನೀಲಗಿರಿ, ಫಲ ನಿಂತ ಮಾವು. ಬಳ್ಳಾರಿ ಜಾಲಿ ಬುಡದಿಂದಲೇ ಹಲವು ಕವಲಾಗಿ ಏಳುವ ಗಿಡ. ಅದರ ಕವಲು ತೊಡೆಯಷ್ಟು ದಪ್ಪವಾದರೆ ಅದೇ ದೊಡ್ಡದು. ಇದಕ್ಕೆ 16 ಇಂಚಿನ, ಅಂದರೆ 40 ಸೆಂಟಿಮೀಟರಿನ ಬ್ಲೇಡು ಸಾಕು. ಹಳೆಯ ಮಾವಿನ ಬುಡ ಅದಕ್ಕಿಂತ ದಪ್ಪವಿದ್ದರೆ ಎರಡು ಕಡೆಯಿಂದ ಕೊಯ್ಯಬಹುದು. ವರುಷಕ್ಕೊಮ್ಮೆ ಸಿಗುವ ಆ ಒಂದು ಬುಡಕ್ಕಾಗಿ ವರುಷವೆಲ್ಲಾ 22 ಇಂಚಿನ ಬ್ಲೇಡನ್ನು ಹೊತ್ತು ತಿರುಗುವುದು ಯಾವ ಬುದ್ಧಿ?

ನಡುಗಾತ್ರ ಎಂದರೆ ಸುಮಾರು 45ರಿಂದ 55 ಸಿಸಿ, ಎರಡರಿಂದ ಮೂರು ಕಿಲೋವಾಟ್ ಶಕ್ತಿ. ಉದಾಹರಣೆಗೆ ಸ್ಟಿಲ್ ಕಂಪನಿಯ ಎಂಎಸ್ 250 ಎಂಬುದು 45.4 ಸಿಸಿ, 2.3 ಕಿಲೋವಾಟ್, ಬ್ಲೇಡು, ಸರಪಣಿ, ಪೆಟ್ರೋಲು ಬಿಟ್ಟು ತೂಕ 4.6 ಕಿಲೋ. ಹಸ್ಕ್‌ವರ್ನಾ 445 ಎಂಬುದೂ ಹೆಚ್ಚು ಕಡಿಮೆ ಅದೇ ಅಳತೆಯದು. ಸ್ಟಿಲ್ ಎಂಎಸ್ 382 ಆದರೋ 72.2 ಸಿಸಿ, ಬರೀ ಯಂತ್ರವೇ 6.2 ಕಿಲೋ. ಒಂದೂವರೆ ಕಿಲೋ ಏನು ಮಹಾ ಎನ್ನುವಿರಾ? ಬಿದ್ದ ಮರದ ಕೊಂಬೆ ಸವರುವಾಗ ಮಷಿನನ್ನು ದಿನಕ್ಕೆ ನೂರಾರು ಸಲ ಎತ್ತಿ ಇಳಿಸಿ ತಿರುಗಿಸಬೇಕು. ಆ ಒಂದೂವರೆ ಕಿಲೋ ಸಂಜೆಯ ಹೊತ್ತಿಗೆ ಸೊಂಟದಲ್ಲಿ ಕೂತಿರುತ್ತದೆ. ದಣಿದ ಕೈಯೇ ತಪ್ಪುವ ಕೈ.

ಹೆಸರಿಲ್ಲದ ಅಗ್ಗದ ಮಷಿನ್‌ಗಳು 52 ಸಿಸಿ, 58 ಸಿಸಿ ಎಂಬ ಚೀಟಿ ಅಂಟಿಸಿಕೊಂಡು ಪೇಟೆಗೆ ಬರುತ್ತವೆ. ಸಿಸಿ ಎಂಬುದು ಸಿಲಿಂಡರಿನ ಅಳತೆ. ಮಾಡುವ ಕೆಲಸದ ಅಳತೆ ಕಿಲೋವಾಟು. ಅದನ್ನು ಕೇಳಿರಿ. ಆಮೇಲೆ ಇವನ್ನೂ ಕೇಳಿರಿ: ಮುಂದಿನ ಕೈಗಾವಲನ್ನು ತಳ್ಳಿದ ಕ್ಷಣವೇ ಸರಪಣಿ ನಿಲ್ಲುವ ಚೈನ್ ಬ್ರೇಕ್ ಇದೆಯೇ? ಕಡಿದ ಸರಪಣಿಯನ್ನು ತಡೆಯುವ ಕೊಕ್ಕೆ ಇದೆಯೇ? ಹಿಡಿಕೆಗೂ ಎಂಜಿನಿಗೂ ನಡುವೆ ನಡುಕ ತಡೆಯುವ ಸ್ಪ್ರಿಂಗು ಅಥವಾ ರಬ್ಬರು ಇದೆಯೇ? ಬಿಡಿಭಾಗಗಳು ಬೀದರಿನಲ್ಲೋ ಹೈದರಾಬಾದಿನಲ್ಲೋ ಸಿಗುತ್ತವೆಯೇ? ಇವಕ್ಕೆ ಉತ್ತರವಿಲ್ಲದಿದ್ದರೆ ಆ ಮಷಿನ್ ಪುಕ್ಕಟೆ ಕೊಟ್ಟರೂ ಬೇಡ.

ಚೈನ್ ಬ್ರೇಕ್ ಯಾಕೆ ಅಷ್ಟು ಮುಖ್ಯ? ಬ್ಲೇಡಿನ ಮೂತಿಯ ಮೇಲ್ಭಾಗ ಮತ್ತೊಂದು ಕೊಂಬೆಗೆ ತಗುಲಿದರೆ ಮಷಿನ್ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆಗೆ ಹಾರುತ್ತದೆ. ಬಳ್ಳಾರಿ ಜಾಲಿಯಂಥ ಹೆಣೆದುಕೊಂಡ ಪೊದೆಯಲ್ಲಿ ಉದ್ದ ಬ್ಲೇಡಿನ ಮೂತಿ ಎಲ್ಲಿದೆ ಎಂದು ಹಿಡಿದವನಿಗೇ ಕಾಣುವುದಿಲ್ಲ. ಚಿಕ್ಕ ಬ್ಲೇಡಿಗೆ ಇದೂ ಒಂದು ಕಾರಣ. ಎಡಗೈಯ ಹೆಬ್ಬೆರಳು ಮುಂದಿನ ಹಿಡಿಕೆಯನ್ನು ಸುತ್ತಿ ಹಿಡಿದಿರಲಿ. ಮಷಿನ್ ಭುಜಕ್ಕಿಂತ ಮೇಲೆ ಏಳದಿರಲಿ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ನೆರಳು ಮರದ ಕೊಂಬೆ ಇಳಿಸುವ ಕುಟುಂಬಗಳೂ ಕೇಳಿಸಿಕೊಳ್ಳಿರಿ: ನಡುಗಾತ್ರದ ಈ ಮಷಿನ್ ನೆಲದ ಮೇಲೆ ನಿಂತು ಮಾಡುವ ಕೆಲಸಕ್ಕೆ. ಇದನ್ನು ಹಿಡಿದು ಏಣಿ ಹತ್ತು, ಮರ ಹತ್ತು ಎಂದು ಮೇಸ್ತ್ರಿ ಹೇಳಿದರೆ ಆಗುವುದಿಲ್ಲ ಎನ್ನಿರಿ.

ಕೆಲಸದ ವೇಗವನ್ನು ಹೆಚ್ಚಿಸುವುದು ಹರಿತ. ಕೊಡಲಿ ಮೊಂಡಾದರೆ ಬಲ ಹೆಚ್ಚು ಹಾಕಬೇಕಾಗುತ್ತದೆಂದು ಪ್ರಸಂಗಿಯ 10ನೆಯ ಅಧ್ಯಾಯದಲ್ಲಿ ಓದಿದವರೇ ಅಲ್ಲವೇ ನಾವು? ಗರಗಸದಿಂದ ಚಕ್ಕೆ ಬಿದ್ದರೆ ಹರಿತವಿದೆ; ಹಿಟ್ಟಿನಂಥ ಪುಡಿ ಬಿದ್ದರೆ ಮೊಂಡಾಗಿದೆ. ಸರಪಣಿಯ ಅಳತೆಗೆ ತಕ್ಕ ದುಂಡು ಅರ ಬೇಕು; .325 ಇಂಚಿನ ಸರಪಣಿಗೆ ಸಾಮಾನ್ಯವಾಗಿ 4.8 ಮಿಲಿಮೀಟರಿನದು. ಒಂದು ಲೀಟರು ಪೆಟ್ರೋಲಿಗೆ 20 ಮಿಲಿಲೀಟರು ಒಳ್ಳೆಯ ಟೂ-ಸ್ಟ್ರೋಕ್ ಎಣ್ಣೆ ಎಂಬುದು 50ಕ್ಕೆ 1ರ ಲೆಕ್ಕ; ಕೈಪಿಡಿ 25ಕ್ಕೆ 1 ಎಂದರೆ 40 ಮಿಲಿಲೀಟರು. ಈಗ ಬಂಕಿನ ಪೆಟ್ರೋಲಿನಲ್ಲಿ ಶೇಕಡಾ 20ರ ತನಕ ಎಥನಾಲ್ ಇರುತ್ತದೆ. ಹಲವು ಮಷಿನ್‌ಗಳ ಕೈಪಿಡಿ ಶೇಕಡಾ 10ನ್ನು ಮಾತ್ರ ಒಪ್ಪುತ್ತದೆ. ಕೊಳ್ಳುವ ಮುಂಚೆ ಇದನ್ನು ಕೇಳಿರಿ, ಕೆಲಸವಿಲ್ಲದ ತಿಂಗಳಲ್ಲಿ ಟ್ಯಾಂಕು ಬರಿದು ಮಾಡಿ ಇಡಿರಿ.

ಆದರೆ ಕೈಪಿಡಿ ಓದುವವರು ಯಾರು? 1956ರ ತನಕ ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗದಲ್ಲಿತ್ತು. ಗಡಿ ಸರಿಯಿತು, ಕನ್ನಡ ಮಾತಾಡುವ ಮನೆಗಳು ಇದ್ದಲ್ಲೇ ಉಳಿದವು. ಮಷಿನ್ ಜೊತೆಗೆ ಬರುವ ಪುಸ್ತಕ ಹೆಚ್ಚಾಗಿ ಇಂಗ್ಲಿಷಿನದು. ಹಾಗಾದರೆ ಓದು ಬಲ್ಲ ಮಗಳನ್ನು ಕೂಡಿಸಿಕೊಂಡು ಒಂದು ಸಂಜೆ ಓದಿಸಿರಿ. ಅಂಗಡಿಯವನು ಮಷಿನ್ ನಡೆಸಿ, ಬ್ರೇಕ್ ಹಾಕಿ ತೋರಿಸದೆ ದುಡ್ಡು ಎಣಿಸಬೇಡಿರಿ.

ಇನ್ನು ಹೆಚ್ಚಿನ ಅನ್ಯಾಯದ ವಿಷಯ. ಮಷಿನ್ ಬಂದ ಮೇಲೆ ಕೆಲವು ಗುತ್ತೇದಾರರು "ಈಗ ಕೆಲಸ ಹಗುರವಾಯಿತಲ್ಲಾ" ಎಂದು ಟನ್ನಿನ ದರ ಇಳಿಸುತ್ತಾರೆ; ಪೆಟ್ರೋಲು, ಎಣ್ಣೆ, ಸರಪಣಿಯ ಖರ್ಚನ್ನು ಕೂಲಿಯವನ ಮುಂಗಡದ ಲೆಕ್ಕಕ್ಕೆ ಬರೆಯುತ್ತಾರೆ. ಮಷಿನ್ ಹತ್ತು ಕೊಡಲಿಗಳ ಕೆಲಸ ಮಾಡಿದರೆ ಆ ಲಾಭದಲ್ಲಿ ಕೊಡಲಿ ಕೆಳಗಿಟ್ಟವರಿಗೂ, ಕೊಂಬೆ ಆಯ್ದು ಹೊರೆ ಕಟ್ಟುವ ಹೆಂಗಸರಿಗೂ ಪಾಲು ಬೇಡವೇ?

ಕಾಲಿಗೆ ರಕ್ಷಾಕವಚ, ಗಟ್ಟಿ ಬೂಟು, ಶಿರಸ್ತ್ರಾಣ, ಮುಖಜಾಲರಿ, ಕಿವಿಮುಚ್ಚಿಗೆ ಕೇಳಿದರೆ "ಈ ಬಿಸಿಲಿನಲ್ಲಿ ಅದನ್ನು ಯಾರು ಹಾಕುತ್ತಾರೆ" ಎಂದು ನಗುತ್ತಾರೆ. ಬಿಸಿಲು ನಿಜ. ಅದಕ್ಕೆ ಉತ್ತರ ನಸುಕಿನಿಂದ ಹತ್ತರ ತನಕ ಕೆಲಸ, ಮುಂಭಾಗ ಮಾತ್ರ ಮುಚ್ಚುವ ಕವಚ. ಬರಿಗಾಲು ಉತ್ತರವಲ್ಲ. ಈ ಮಷಿನ್ನಿನ ಸದ್ದು ಹಿಡಿದವನ ಕಿವಿಯ ಬಳಿ 100 ಡೆಸಿಬೆಲ್ ಮುಟ್ಟುತ್ತದೆ. ವರುಷಗಟ್ಟಲೆ ನಡುಕ ತಿಂದ ಬೆರಳು ಬಿಳುಚಿ ಜೋಮು ಹಿಡಿಯುತ್ತದೆ. ಹೋದ ಕಿವಿ ತಿರುಗಿ ಬರುವುದಿಲ್ಲ.

ಕಾನೂನೂ ನಮ್ಮ ಕಡೆಗಿದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯ ಪ್ರಕಾರ, ಹತ್ತು ಮಂದಿ ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಅಪಾಯವಿಲ್ಲದ ಕೆಲಸದ ಜಾಗ ಒದಗಿಸುವುದು ಧಣಿಯ ಹೊಣೆ. ಸುರಕ್ಷತೆಗಾಗಿ ಮಾಡಿದ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ. ಮರ ಕಡಿಯುವವರ ಹೆಸರು 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಎರಡನೆಯ ಪಟ್ಟಿಯಲ್ಲೇ ಇತ್ತು. ಆ ಕಾಯಿದೆಯ ಜಾಗಕ್ಕೆ ಈಗ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮಾಳಿಗೆಗೆ ಅಡ್ಡಗೋಡೆ ಕಟ್ಟದವನ ಮನೆಯಿಂದ ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯವನದೇ ಎಂಬ ಧರ್ಮೋಪದೇಶಕಾಂಡದ ಕಟ್ಟಳೆಯನ್ನು ಭಾನುವಾರ ಕೇಳಿ ಸೋಮವಾರ ಮರೆಯುವ ಧಣಿಗಳಿಗೂ ಇದನ್ನು ನೆನಪಿಸಬೇಕು.

ಆದಕಾರಣ, ಪ್ರಿಯರೇ, ಕೊಳ್ಳುವುದಾದರೆ ನಾಲ್ಕು ಮನೆಗಳವರು ಕೂಡಿ ಒಂದೇ ಒಳ್ಳೆಯ ನಡುಗಾತ್ರದ ಮಷಿನ್ ಕೊಳ್ಳಿರಿ. ಉಳಿದ ಹಣದಲ್ಲಿ ಮೊದಲು ಕವಚ, ಶಿರಸ್ತ್ರಾಣ, ಎರಡು ಸರಪಣಿ, ಒಂದು ಅರ ತನ್ನಿರಿ. ಒಬ್ಬಂಟಿಯಾಗಿ ಕೊಯ್ಯಲು ಹೋಗಬೇಡಿರಿ. 2002ರ ನೀರು, ಭೂಮಿ ಮತ್ತು ಮರಗಳ ಕಾಯಿದೆಯಂತೆ ಮರಕ್ಕೆ ಅನುಮತಿ ಪಡೆದ ಕಾಗದವನ್ನು ಗುತ್ತೇದಾರನಿಂದ ಕೇಳಿ ನೋಡಿರಿ. ಗುತ್ತೇದಾರನೇ ಮಷಿನ್ ಕೊಡುವುದಾದರೆ ಮುಂಗಡಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ಕೇಳಿರಿ: ಬ್ರೇಕ್ ಇದೆಯೇ, ಕವಚ ಇದೆಯೇ, ಪೆಟ್ರೋಲು ಯಾರದು, ಗಾಯವಾದರೆ ಆಸ್ಪತ್ರೆ ಯಾರದು? ಒಬ್ಬನೇ ಕೇಳಿದರೆ ನಾಳೆಯಿಂದ ಬರಬೇಡ ಅನ್ನುತ್ತಾನೆ. ಎಲ್ಲರೂ ಕೇಳಿದರೆ ಉತ್ತರ ಕೊಡಲೇಬೇಕು.