ಲೆಕ್ಕ ಕೇಳಿ, ಭಾಗ 3: ಸತ್ತವರು ಯಾರು?

ಎರಡು ಅಂಕಿ ನೋಡಿ. 1970ರ ದಶಕ, ಅಮೆರಿಕದ ಜಾರ್ಜಿಯಾ ರಾಜ್ಯ. ಕೊಲೆ ಪ್ರಕರಣಗಳಲ್ಲಿ ಮರಣದಂಡನೆ ಆದದ್ದು ಕಪ್ಪುವರ್ಣೀಯ ಆರೋಪಿಗಳಲ್ಲಿ ಶೇ 4 ಮಂದಿಗೆ, ಬಿಳಿಯರಲ್ಲಿ ಶೇ 7 ಮಂದಿಗೆ.

"ನೋಡಿದ್ರಾ, ಬಿಳಿಯರಿಗೇ ಜಾಸ್ತಿ! ತಾರತಮ್ಯ ಎಲ್ಲಿದೆ?" ಅಂತ ಸ್ಟೋರಿ ಹಾಕೋಕೆ ಇಷ್ಟು ಸಾಕು. ನೀವೂ ಶೇರ್ ಮಾಡ್ತಿದ್ರಿ, ಒಪ್ಕೊಳ್ಳಿ. (ಮೊದಲ ಸಲ ಓದಿದಾಗ ನಾನೂ ತಲೆಯಾಡಿಸಿದ್ದೆ.)

ಡೇವಿಡ್ ಬಾಲ್ಡಸ್ ಎಂಬ ಪ್ರೊಫೆಸರ್ ಮತ್ತು ಸಂಗಡಿಗರು 2,000ಕ್ಕೂ ಹೆಚ್ಚು ಪ್ರಕರಣ ಬಿಡಿಸಿ ನೋಡಿದರು. ಕೊಂದವರು ಯಾರು ಅನ್ನೋದರ ಜೊತೆಗೆ ಸತ್ತವರು ಯಾರು ಅಂತಲೂ ಕೇಳಿದರು.

ಆರೋಪಿ ಕಪ್ಪು, ಸತ್ತದ್ದು ಬಿಳಿಯರು: ಶೇ 22.
ಇಬ್ಬರೂ ಬಿಳಿಯರು: ಶೇ 8.
ಆರೋಪಿ ಬಿಳಿ, ಸತ್ತದ್ದು ಕಪ್ಪುವರ್ಣೀಯರು: ಶೇ 3.
ಇಬ್ಬರೂ ಕಪ್ಪುವರ್ಣೀಯರು: ಶೇ 1.

ಈಗ ಗೊತ್ತಾಯ್ತಾ? ಕಪ್ಪುವರ್ಣೀಯ ಆರೋಪಿಗಳ ಪ್ರಕರಣಗಳಲ್ಲಿ ಬಹುಪಾಲು ಸತ್ತವರೂ ಕಪ್ಪುವರ್ಣೀಯರೇ. ಆ ಸಾವುಗಳಿಗೆ ಕೋರ್ಟಿನಲ್ಲಿ ಬೆಲೆ ಕಮ್ಮಿ. ಆ ಶೇ 1ರ ರಾಶಿ ಶೇ 22ನ್ನು ನುಂಗಿಕೊಂಡು ಸರಾಸರಿ 4 ಆಗಿ ಸಾಧುವಿನ ಹಾಗೆ ಕೂತಿದೆ.

"ಎಲ್ಲಾ ಕೊಲೆ ಒಂದೇ ಥರ ಇರಲ್ವಲ್ಲ?" ಸರಿಯಾದ ಪ್ರಶ್ನೆ. ಅದಕ್ಕೇ ಜನಾಂಗಕ್ಕೆ ಸಂಬಂಧಿಸದ 39 ಅಂಶಗಳನ್ನೂ ಲೆಕ್ಕಕ್ಕೆ ತಗೊಂಡ್ರು. ಆಮೇಲೂ, ಸತ್ತವರು ಬಿಳಿಯರಾಗಿದ್ದರೆ ಗಲ್ಲು ಆಗುವ, ಆಗದಿರುವ ಅನುಪಾತ 4.3 ಪಟ್ಟು.

ವಾರೆನ್ ಮೆಕ್ಲೆಸ್ಕಿ ಕಪ್ಪುವರ್ಣೀಯ. ಅಟ್ಲಾಂಟಾದಲ್ಲಿ ಬಿಳಿಯ ಪೊಲೀಸನೊಬ್ಬನನ್ನು ಕೊಂದದ್ದಕ್ಕೆ ಮರಣದಂಡನೆ ಆಗಿತ್ತು. ಈ ಲೆಕ್ಕವನ್ನು ಸುಪ್ರೀಂ ಕೋರ್ಟಿಗೆ ಒಯ್ದ. 1987ರಲ್ಲಿ 5–4ರಿಂದ ಸೋತ. ಲೆಕ್ಕ ತಪ್ಪು ಅಂದ್ರಾ? ಇಲ್ಲ! ಸರಿ ಅಂತಲೇ ಇಟ್ಕೊಂಡು, ನಿನ್ನ ಕೇಸಿನಲ್ಲಿ ಬೇಕಂತಲೇ ತಾರತಮ್ಯ ಮಾಡಿದ್ದಕ್ಕೆ ಪುರಾವೆ ಎಲ್ಲಿ ಅಂದ್ರು.

ಎಲ್ಲಿಂದ ತರ್ತಾನೆ ಸ್ವಾಮಿ? ಜ್ಯೂರಿಯವರು ಮನಸ್ಸಿನಲ್ಲಿದ್ದದ್ದನ್ನ ಬರೆದಿಟ್ಟು ಹೋಗ್ತಾರಾ? ನೌಕರಿಯಲ್ಲಿನ ತಾರತಮ್ಯದ ದಾವೆಗಳಲ್ಲಿ ಇದೇ ಕೋರ್ಟು ಅಂಕಿಅಂಶವನ್ನ ಪುರಾವೆ ಅಂತ ಒಪ್ಪಿತ್ತು. ಕೆಲಸ ಹೋದರೆ ಲೆಕ್ಕ ನಡೆಯುತ್ತೆ, ಜೀವ ಹೋಗುವಾಗ ನಡೆಯಲ್ಲ.

ಬಹುಮತದ ತೀರ್ಪು ಬರೆದ ಲೂಯಿಸ್ ಪೊವೆಲ್ ನಿವೃತ್ತರಾದ ಮೇಲೆ, ಯಾವುದಾದರೂ ಪ್ರಕರಣದಲ್ಲಿ ಮತ ಬದಲಿಸ್ತೀರಾ ಅಂತ ಅವರ ಜೀವನಚರಿತ್ರೆ ಬರೆಯುತ್ತಿದ್ದವರು ಕೇಳಿದರು. ಹೌದು, ಮೆಕ್ಲೆಸ್ಕಿಯದ್ದು ಅಂದರು. ಮೆಕ್ಲೆಸ್ಕಿಯನ್ನು 1991ರ ಸೆಪ್ಟೆಂಬರಿನಲ್ಲಿ ವಿದ್ಯುತ್ ಕುರ್ಚಿಗೆ ಏರಿಸಿದರು.

ಭಾಗ 4: ಹಾರ್ವರ್ಡ್ ಪ್ರವೇಶ. ಒಂದೇ ಅರ್ಜಿ ರಾಶಿ, ಇಬ್ಬರು ಅರ್ಥಶಾಸ್ತ್ರಜ್ಞರು, ಎದುರುಬದುರು ಉತ್ತರ.