ಗಾಲಿಕುರ್ಚಿಯೂ ಸ್ವಾತಂತ್ರ್ಯವೂ

ಸ್ವಾತಂತ್ರ್ಯವೆಂಬ ಶಬ್ದವನ್ನು ನಾವು ಭಾಷಣಗಳಲ್ಲಿ ಬಹು ಧಾರಾಳವಾಗಿ ಬಳಸುತ್ತೇವೆ. ಆದರೆ ಮನಸ್ಸು ಬಂದಾಗ ಎದ್ದು ಅಂಗಳಕ್ಕೆ ಹೋಗುವುದೂ ಒಂದು ಸ್ವಾತಂತ್ರ್ಯವೆಂಬುದು ಕೈಕಾಲು ಗಟ್ಟಿಯಿರುವ ನಮಗೆ ಹೊಳೆಯುವುದೇ ಇಲ್ಲ. ಸೆರೆಬ್ರಲ್ ಪಾಲ್ಸಿ ಇರುವವರಿಗೆ ಅದು ಚೆನ್ನಾಗಿ ಗೊತ್ತು.

ಇದು ಅಂಟುರೋಗವಲ್ಲ, ಪೂರ್ವಜನ್ಮದ ಕರ್ಮಫಲವಂತೂ ಅಲ್ಲವೇ ಅಲ್ಲ. ಹುಟ್ಟುವ ಮೊದಲು, ಹುಟ್ಟುವಾಗ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲಿ ಎಳೆಯ ಮೆದುಳಿಗೆ ಪೆಟ್ಟಾಗಿ ಅಂಗಾಂಗಗಳು ಹತೋಟಿಗೆ ಬಾರದಿರುವ ಸ್ಥಿತಿ. ಮಾತು ತೊದಲಿದರೆ ಬುದ್ಧಿಯೂ ಇಲ್ಲವೆಂದು ಜನರು ತೀರ್ಮಾನಿಸಿಬಿಡುತ್ತಾರೆ. ಮುಂಬಯಿಯ ಮಾಲಿನಿ ಚಿಬ್ ಅವರು ಇದೇ ಸ್ಥಿತಿಯಲ್ಲಿದ್ದೂ ಎರಡು ಸ್ನಾತಕೋತ್ತರ ಪದವಿ ಗಳಿಸಿದರು. ಒಂದೇ ಬೆರಳಿನಿಂದ ಟೈಪು ಮಾಡಿ ಬರೆದ ಆತ್ಮಕಥೆಯನ್ನು ೨೦೧೦ರಲ್ಲಿ ಪ್ರಕಟಿಸಿದರು. ಅವರು ವಿದ್ಯುತ್ ಗಾಲಿಕುರ್ಚಿಯಲ್ಲಿ ಓಡಾಡುವವರು.

"ತಳ್ಳುವ ಕುರ್ಚಿ ಇದೆಯಲ್ಲ, ಸಾಲದೆ?" ಎಂದು ಕೆಲವರು ಕೇಳಬಹುದು. ಸಾಲದು. ಗಾಲಿಯನ್ನು ತಾನೇ ತಿರುಗಿಸಲು ಎರಡು ತೋಳುಗಳಲ್ಲಿಯೂ ಬಲ ಬೇಕು. ಸಮಾರಂಭಗಳಲ್ಲಿ ಹಂಚುವ ಯಂತ್ರಚಾಲಿತ ವಾಹನಗಳಿಗೂ ಹಿಡಿ ಹಿಡಿಯುವ ಗಟ್ಟಿ ಕೈ ಬೇಕು. ಕೈಯೂ ಮಾತು ಕೇಳದವನು ತಾಯಿ ತಳ್ಳಿದ ಕಡೆಗೆ ಹೋಗಬೇಕು. ತಾಯಿ ಹೊಲಕ್ಕೆ ಹೋದರೆ ಇದ್ದಲ್ಲಿಯೇ ಇರಬೇಕು. ವಿದ್ಯುತ್ ಕುರ್ಚಿಗಾದರೋ ಬೆರಳಿನಿಂದ ವಾಲಿಸುವಷ್ಟು ಸಣ್ಣ ಕೋಲೊಂದು ಸಾಕು. ಬೆರಳೂ ಆಗದಿದ್ದರೆ ಗದ್ದದಿಂದಲೋ ತಲೆಯಿಂದಲೋ ನಡೆಸಬಹುದು. ಎರಡನೆಯ ಮಹಾಯುದ್ಧದ ತರುವಾಯ ಕೆನಡಾದ ಜಾರ್ಜ್ ಕ್ಲೈನ್ ಎಂಬ ಎಂಜಿನಿಯರು ಕೈಕಾಲು ಕಳೆಗುಂದಿದ ಸೈನಿಕರಿಗಾಗಿ ಇಂಥ ಕುರ್ಚಿಯನ್ನು ರೂಪಿಸಿದರು.

ನಮ್ಮ ಸರ್ಕಾರಕ್ಕೆ ಈ ವಿಷಯ ತಿಳಿಯದೆಂದಲ್ಲ. ಅಂಗವಿಕಲರಿಗೆ ಸಾಧನ ಸಲಕರಣೆ ನೀಡುವ ಕೇಂದ್ರದ ಅಡಿಪ್ ಯೋಜನೆ ೧೯೮೧ರಷ್ಟು ಹಳೆಯದು. ೨೦೧೪ರ ಪರಿಷ್ಕೃತ ನಿಯಮಗಳು ಮೋಟಾರು ಕುರ್ಚಿಗೆ ಸೆರೆಬ್ರಲ್ ಪಾಲ್ಸಿಯನ್ನು ಹೆಸರಿಸಿಯೇ ಸೇರಿಸಿದವು. ಆದರೆ ೧೬ ವರ್ಷ ತುಂಬಿರಬೇಕೆಂದು ಮಿತಿ ಹಾಕಿದವು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಾದರೋ ೬ರಿಂದ ೧೮ ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿತು. ಹದಿನಾರಕ್ಕೆ ಎಸ್.ಎಸ್.ಎಲ್.ಸಿ. ಮುಗಿದಿರುತ್ತದೆ! ಅಲ್ಲಿಯವರೆಗಿನ ಹತ್ತು ವರ್ಷ ಆ ಮಗು ಶಾಲೆಗೆ ಹೋಗುವುದು ಹೇಗೆ? ಎರಡು ಮೂರು ವರ್ಷದ ಕೂಸುಗಳೂ ಇಂಥ ಕುರ್ಚಿ ನಡೆಸಲು ಕಲಿಯಬಲ್ಲವೆಂದು ೧೯೮೦ರ ದಶಕದಲ್ಲಿಯೇ ಅಮೆರಿಕದ ಅಧ್ಯಯನಗಳು ತೋರಿಸಿವೆ. ಆದುದರಿಂದ ಶಾಲೆಗೆ ಸೇರುವ ವಯಸ್ಸೇ ಕುರ್ಚಿ ಕೊಡುವ ವಯಸ್ಸೂ ಆಗತಕ್ಕದ್ದೆಂಬುದು ನನ್ನ ಖಚಿತ ಅಭಿಪ್ರಾಯ.

ಖರ್ಚಿನ ಮಾತು ಬರುತ್ತದೆ. ಕುರ್ಚಿಯ ಬೆಲೆ ಕೂಲಿಯವರ ಕೈಗೆ ಎಟುಕದು, ನಿಜ. ಆದರೆ ಅದನ್ನು ನಡೆಸುವ ವೆಚ್ಚ ಅಲ್ಪ. ಬ್ಯಾಟರಿ ತುಂಬಲು ಸುಮಾರು ಒಂದು ಯೂನಿಟ್ ವಿದ್ಯುತ್ತು ಸಾಕು. ಒಬ್ಬ ಮನುಷ್ಯನನ್ನು ಜೀವಮಾನವಿಡೀ ಮನೆಯ ಮೂಲೆಯಲ್ಲಿ ಕೂರಿಸುವ ಖರ್ಚನ್ನು ಯಾರಾದರೂ ಲೆಕ್ಕ ಹಾಕಿದ್ದಾರೆಯೆ?

ಕುರ್ಚಿ ಬಂದರಷ್ಟೇ ಸಾಲದು, ದಾರಿಯೂ ಬೇಕು. ನಾನು ಕಮಲಾಪುರದಿಂದ ದಿನವೂ ಕಲಬುರಗಿಗೆ ಬಸ್ಸಿನಲ್ಲಿ ಬರುವವನು. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಆ ಬಸ್ಸಿಲ್ಲದಿದ್ದರೆ ನನಗೂ ಪದವಿ ಇಲ್ಲ. ಅದರಲ್ಲಿ ನಮ್ಮೂರಿನ ಕೆಂಪು ಬಾಳೆಹಣ್ಣಿನ ಬುಟ್ಟಿಗೆ ಜಾಗ ಸಿಗುತ್ತದೆ, ಗಾಲಿಕುರ್ಚಿಗೆ ಸಿಗುವುದಿಲ್ಲ. ೨೦೨೩ರ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಟಿಕೇಟು ಉಚಿತವಾಯಿತು. ಆದರೆ ಎತ್ತರದ ಮೂರು ಮೆಟ್ಟಿಲು ಹತ್ತಲಾರದ ಹುಡುಗಿಗೆ ಉಚಿತ ಟಿಕೇಟಿನಿಂದ ಏನು ಫಲ? ಇನ್ನು ಕಟ್ಟಡಗಳಲ್ಲಿ ಇಳಿಜಾರು ಕಟ್ಟಿದರೂ ನುಣುಪಾದ ಶಹಾಬಾದ ಕಲ್ಲು ಹಾಸಿ ಕಡಿದಾಗಿ ಕಟ್ಟುವುದುಂಟು. ಒಂದು ಅಡಿ ಏರಿಗೆ ಹನ್ನೆರಡು ಅಡಿ ಉದ್ದ ಬೇಕೆಂಬುದು ನಿಯಮ.

ಸಹಪಾಠಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಮುಂದಿನ ಎನ್.ಎಸ್.ಎಸ್. ಶಿಬಿರದಲ್ಲಿ ಗಿಡ ನೆಡುವುದರ ಜೊತೆಗೆ, ಊರಿನಲ್ಲಿ ಮನೆಯಿಂದ ಹೊರಬರಲಾರದವರು ಯಾರಿದ್ದಾರೆಂದು ಕೇಳಿಕೊಂಡು ಬರೋಣ. ಅಂಗವಿಕಲರ ಗುರುತಿನ ಚೀಟಿಗೆ, ಕುರ್ಚಿಗೆ ಅವರ ಅರ್ಜಿ ಬರೆದುಕೊಡೋಣ. ಗುರುಗಳು ನಮ್ಮ ಕಾಲೇಜಿನ ಮೆಟ್ಟಿಲುಗಳನ್ನು ಒಮ್ಮೆ ಅಳೆಯಿಸಲಿ. ಅವರು ಬಂದ ಮೇಲೆ ದಾರಿ ಮಾಡೋಣವೆಂದರೆ ಅವರು ಬರುವುದೇ ಇಲ್ಲ.