ಮೊದಲ ಆಡಿಯೊ ಗೇಮ್ ಎಷ್ಟು ಸಣ್ಣದಿರಬೇಕು?

ಪರದೆ ನೋಡದೆ, ಕಿವಿಯಿಂದಲೇ ಆಡುವ ಆಟಗಳನ್ನು ಕಟ್ಟಲು ಕಲಿಯುತ್ತಿರುವವರಲ್ಲಿ ಹಲವರು ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ನೆಚ್ಚಿದ ಅಂಧರು. ಅವರಿಗೆ ಅನುಭವಿಗಳಿಂದ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಮೊದಲು ಸಣ್ಣದೊಂದನ್ನು ಮಾಡಿ ಮುಗಿಸಿ. ಸಲಹೆ ತಪ್ಪೆನ್ನಲಾಗದು, ಅದನ್ನು ಒಪ್ಪದವರ ಮಾತನ್ನೂ ತಳ್ಳಿಹಾಕಲಾಗದು.

1978ರ ವಿಡಿಯೊ ಗೇಮ್ ಸ್ಪೇಸ್ ಇನ್ವೇಡರ್ಸ್ ಮಾದರಿಯ ಸಣ್ಣ ಆಡಿಯೊ ಆಟವನ್ನೇ ತೆಗೆದುಕೊಳ್ಳಿ. ಶತ್ರುನೌಕೆಯ ಗುಂಯ್ ಎಂಬ ಸದ್ದು ಎಡಗಿವಿಯಲ್ಲಿ ಕೇಳುತ್ತದೆ. ಬಾಣದ ಕೀಲಿ ಒತ್ತಿ ಸರಿಯುತ್ತ, ಸದ್ದು ನಡುವಿಗೆ ಬಂದಾಗ ಸ್ಪೇಸ್ ಬಾರ್ ಒತ್ತಬೇಕು. ಇಷ್ಟರಲ್ಲೇ ಲೂಪ್ (ಮತ್ತೆ ಮತ್ತೆ ನಡೆಯುವ ಕೋಡ್), ಟೈಮರ್, ಎರಡು ಕಿವಿಗಳ ನಡುವೆ ಸದ್ದಿನ ಹಂಚಿಕೆ ಎಲ್ಲವೂ ಬಂದುಹೋಗುತ್ತವೆ. ಹೊಸಬರು ಸದ್ದನ್ನು ಶುರು ಮಾಡುವ ಸಾಲನ್ನು ಲೂಪಿನೊಳಗೇ ಬರೆದುಬಿಡುವುದುಂಟು. ಆಗ ಅದು ಸೆಕೆಂಡಿಗೆ ಹತ್ತಾರು ಸಲ ಮೊದಲಿನಿಂದ ಶುರುವಾಗಿ, ಗುಂಯ್ ಎನ್ನುವ ಬದಲು ಗರಗರ ಎನ್ನುತ್ತದೆ. ನೂರು ಸಾಲಿನ ಕೋಡಿನಲ್ಲಿ ಈ ತಪ್ಪು ಒಂದು ಸಂಜೆಯಲ್ಲಿ ಸಿಕ್ಕೀತು. ಹತ್ತು ಸಾವಿರ ಸಾಲುಗಳಲ್ಲಿ, ಒಂದೊಂದನ್ನೂ ಕಿವಿಯಲ್ಲಿ ಕೇಳಿ ಹುಡುಕುವವರ ಪಾಡು ಬೇರೆ.

ಆದರೆ ಆಟ ಕಟ್ಟುವ ಆಸೆ ಹುಟ್ಟುವುದು ಸಾಮಾನ್ಯವಾಗಿ ಕಥೆಯಿಂದ, ಗುರಿಯಿಟ್ಟು ಹೊಡೆಯುವ ಅಭ್ಯಾಸದಿಂದಲ್ಲ. ಜಪಾನಿನ ಕೆಂಜಿ ಎನೊ 1997ರಲ್ಲಿ ಸೆಗಾ ಸ್ಯಾಟರ್ನ್ ಗೇಮ್ ಕನ್ಸೋಲ್‌ಗೆ ತಂದ 'ರಿಯಲ್ ಸೌಂಡ್: ಕಝೆ ನೊ ರಿಗ್ರೆಟ್' ಆಟವನ್ನು ಆಡಲು ಚಿತ್ರವೇ ಬೇಕಿರಲಿಲ್ಲ, ಕೇಳುವ ಕಥೆಯೇ ಅದರ ಆಟ. ಕಣ್ಣಿನ ಆಟದ ನಕಲಿನಿಂದ ಶುರುಮಾಡಿದವರು ಕಣ್ಣಿನ ಆಟವನ್ನೇ ಕಿವಿಗೆ ಒಗ್ಗಿಸುವ ಜಾಡಿಗೆ ಬೀಳಬಹುದೆಂಬ ಆಕ್ಷೇಪದಲ್ಲಿ ತಿರುಳಿದೆ. ಇನ್ನೊಂದು ಮಾತು: ಕೇಳಿ ಆಯ್ಕೆ ಮಾಡುವ ಕಥೆಗೆ ಬೇಕಾದ ಕೋಡ್, ಹಾರಾಡುವ ನೌಕೆಗೆ ಬೇಕಾದುದಕ್ಕಿಂತ ಸುಲಭವೇ ಇರಬಹುದು. ಸಣ್ಣದು ಎಂಬುದನ್ನು ಯಾವ ಅಳತೆಯಲ್ಲಿ ಅಳೆಯಬೇಕು?

ಎನೊ 'ರಿಯಲ್ ಸೌಂಡ್'ಗೂ ಮುನ್ನ 'ಡಿ' ಎಂಬ ವಿಡಿಯೊ ಗೇಮ್‌ನಂಥ ಆಟ ಮುಗಿಸಿದ್ದರು, ಅವರ ಬೆನ್ನಿಗೆ ತಂಡವಿತ್ತು ಎಂಬುದನ್ನೂ ಮರೆಯುವಂತಿಲ್ಲ. ಒಬ್ಬರೇ ಕೂತು ಕಥೆ ಬರೆದು, ದನಿ ಮುದ್ರಿಸಿ, ಸದ್ದು ಕೂಡಿಸುವಷ್ಟರಲ್ಲಿ ಉತ್ಸಾಹ ಬತ್ತೀತು. ಉಪಕರಣವೂ ಕೈಕೊಟ್ಟೀತು. ಆಡಿಯೊ ಆಟ ಕಟ್ಟಲು ಒಂದು ಕಾಲಕ್ಕೆ ಹೊಸಬರ ನೆಚ್ಚಿನದಾಗಿದ್ದ ಬಿಜಿಟಿ ಎಂಬ ಉಪಕರಣದ ಅಭಿವೃದ್ಧಿ ನಿಂತುಹೋಯಿತು. ಅದರಲ್ಲಿ ತಯಾರಾದ ಆಟಗಳನ್ನು ಆಂಟಿವೈರಸ್‌ಗಳು ವೈರಸ್ಸೆಂದೇ ತಡೆಯತೊಡಗಿದವು. ಸಣ್ಣ ಆಟವನ್ನಾದರೆ ಪೈಥಾನ್‌ನಂಥ ಬೇರೆ ಭಾಷೆಯಲ್ಲಿ ಮತ್ತೆ ಬರೆದುಕೊಳ್ಳಬಹುದು. ವರ್ಷಗಟ್ಟಲೆ ಬೆಳೆಸಿದ್ದಕ್ಕೆ ಆ ಮಾತು ಹೇಳುವುದು ಕಷ್ಟ.

ಎರಡೂ ಕಡೆಯ ಮಾತು ತೂಗಿದರೆ, ಕನಸಿನ ಆಟವನ್ನು ಬಿಡದೆ ಅದರ ಒಂದೇ ಕೋಣೆಯನ್ನು ಮೊದಲು ಕಟ್ಟುವುದು ಮೇಲೆಂದು ತೋರುತ್ತದೆ. ಗೋಡೆಗೆ ತಾಗಿದರೆ ಒಂದು ಸದ್ದು, ಬಾಗಿಲ ಬಳಿ ಗಡಿಯಾರದ ಟಿಕ್‌ಟಿಕ್, ಅಷ್ಟು ಸಾಕು. ಮುಗಿಸಿದ ಮೇಲೆ ಸ್ನೇಹಿತರೊಬ್ಬರಿಗೆ ಹೆಡ್‌ಫೋನ್ ಕೊಟ್ಟು ಸುಮ್ಮನೆ ಕೂತುಕೊಳ್ಳಿ. ನೀವು ಬಾಯಿಬಿಡದೆ ಅವರು ಬಾಗಿಲು ತಲುಪಿದರೆ, ಎರಡನೇ ಕೋಣೆಗೆ ಕೈಹಾಕಿ.